ಪೂಜೆಗೆ ಕೂತ ಪಾನಾಗಳು

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅದನ್ನು ಹೇಳಿ ಹೇಳಿ ಅವ್ವ ಸೋತಳು. ಆದರೂ ಅಕ್ಕನ ಗಂಡ ನನ್ನ ಕೈಯಿಂದ ತಿಂದ ಏಟಿಗೆ ಇವತ್ತಿಗೂ ನನಗೆ ಪಶ್ಚಾತ್ತಾಪವಿಲ್ಲ. ತಿನ್ನಬೇಕಾದವನೇ ತಿಂದ ಅಂತಲೇ ನಾನು ಹೇಳುವುದು.

ಭಾವ ರಂಗಂಪೇಟೆಯವನು, ನಾನು ಶಹಾಪುರದವನು. ಇಬ್ಬರೂ ಹೈದರಾಬಾದಿನ ಒಂದು ವಿಮಾನ ರಿಪೇರಿ ಶೆಡ್ಡಿನಲ್ಲಿದ್ದೆವು. ನಾನು ಮೆಕ್ಯಾನಿಕ್. ಭಾವ ತಪಾಸಣೆಯವನು; ಅವನು ನೋಡಿ ಸಹಿ ಹಾಕಿದ ಮೇಲೆಯೇ ವಿಮಾನ ಏಳಬೇಕು. ನಟ್ಟು ಬಿಗಿಯುವ ಒಂದೊಂದು ಪಾನಾಕ್ಕೂ ಅಲ್ಲಿ ಗೋಡೆಯ ಹಲಗೆಯ ಮೇಲೆ ಅದರದೇ ಆಕಾರ ಬರೆದಿರುತ್ತದೆ. ಕೆಲಸ ಮುಗಿದಾಗ ಯಾವ ಆಕಾರವೂ ಖಾಲಿ ಇರಬಾರದು. ಇದ್ದರೆ ಆ ಪಾನಾ ವಿಮಾನದ ಹೊಟ್ಟೆಯಲ್ಲೇ ಉಳಿದಿದೆ ಎಂದು ಹುಡುಕಬೇಕು.

ಮಹಾನವಮಿಯ ದಿನ ಶೆಡ್ಡಿನಲ್ಲಿ ಖಂಡೆ ಪೂಜೆ. ಹಲಗೆಯ ಪಾನಾಗಳನ್ನೆಲ್ಲ ಇಳಿಸಿ, ಬಟ್ಟೆಯ ಮೇಲೆ ಸಾಲಾಗಿ ಕೂಡಿಸಿ, ಕುಂಕುಮ ಏರಿಸಿ, ಚೆಂಡು ಹೂವು ಇಟ್ಟರು. ನಮ್ಮ ಕಡೆ ಪೂಜೆಗೆ ಕೂತ ಕುಡುಗೋಲನ್ನು ಸಹ ಮರುದಿನದ ತನಕ ಯಾರೂ ಕದಲಿಸುವುದಿಲ್ಲ. ಅಂಥಾದ್ದರಲ್ಲಿ ಸಂಜೆ ಒಂದು ವಿಮಾನ ಎಂಜಿನ್ನಿನ ತಕರಾರು ಹೊತ್ತು ಬಂತು. ಆಗ ನಾನು ಕೆಲಸ ಮುಗಿಸಿ ಹೋಗಿದ್ದೆ. ದೇವರ ಮುಂದಿನ ಪಾನಾ ಮುಟ್ಟುವುದು ಬೇಡ ಎಂದು ಭಾವನೇ ಹೇಳಿದನಂತೆ. ಸಾಮಾನು ಎಳೆಯುವ ಟ್ರ್ಯಾಕ್ಟರಿನ ಡ್ರೈವರನ ಪಾನಾಗಳನ್ನು ಇಸಿದುಕೊಂಡು ಕೆಲಸ ಮುಗಿಸಿದ್ದಾರೆ. ಅವು ಯಾವ ಹಲಗೆಯ ಲೆಕ್ಕದಲ್ಲೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಕೆಲಸಕ್ಕೆ ಹೋದಾಗ ಆ ಡ್ರೈವರ್ ಬಾಗಿಲಲ್ಲೇ ಹಿಡಿದ. ನಿನ್ನೆ ಒಯ್ದ ಪಾನಾಗಳಲ್ಲಿ ಒಂದು ವಾಪಸ್ ಬಂದಿಲ್ಲ ಎಂದ. ಅಷ್ಟರಲ್ಲಿ ಆ ವಿಮಾನದ ಮೆಟ್ಟಿಲ ಮೇಲೆ ಜನ ಹತ್ತುತ್ತಿದ್ದರು. ಭಾವನ ಹತ್ತಿರ ಓಡಿದೆ.

"ಹಲಗಿ ನೋಡಲೇ. ಒಂದರೆ ಖಾಲಿ ಐತೇನು?" ಅಂದ.

"ಹಲಗಿ ಮ್ಯಾಲಿನವು ನಿನ್ನಿ ದೇವರ ಮುಂದ ಕುಂತಿದ್ವು. ಡ್ರೈವರನ ಪಾನಾ ತಂದು ಕೆಲಸ ಮಾಡಿದ್ರಲ್ಲ, ಅವು ಎಲ್ಲ್ಯದಾವ್ರಿ ಭಾವಾ? ಸಹಿ ಮಾಡೂ ಮುಂದ ಒಳಗ ನೋಡಿದ್ರೋ ಇಲ್ಲೋ?"

"ಹಬ್ಬದಾಗ ಬಾಯಿ ಮಾಡಬ್ಯಾಡ. ಹೋಗು, ಕೆಲಸ ನೋಡು."

ಅವನನ್ನು ಅಲ್ಲೇ ಬಿಟ್ಟು ಮೇಲಿನ ಸಾಹೇಬರಿಗೆ ಹೇಳಿ ವಿಮಾನ ನಿಲ್ಲಿಸಿದೆ. ಹತ್ತಿದವರೆಲ್ಲ ಬೈದುಕೊಳ್ಳುತ್ತ ಇಳಿದರು. ಎಂಜಿನ್ನಿನ ಕವರು ಬಿಚ್ಚಿದರೆ ಎಣ್ಣೆಯ ಕೊಳವೆಗೆ ಆತುಕೊಂಡು ಪಾನಾ ಮಲಗಿತ್ತು. ಭಾವ ಕೈ ಮುಗಿದು, "ತಾಯಿ ಕಾಯ್ದಳು ನೋಡ್ರಿ, ಪೂಜಾ ಮಾಡಿದ್ದಕ್ಕ" ಅಂದ.

ಮೈಯೆಲ್ಲ ಉರಿದುಹೋಯಿತು. ಬಾಯಿಗೇ ಗುದ್ದಿದೆ. ಹಲ್ಲು ಮುರಿದು ರಕ್ತ ನನ್ನ ಅಂಗಿಗೆ ಹಾರಿತು. ಅವನೇನು ಕಡಿಮೆ ಆಳಲ್ಲ. ಕುತ್ತಿಗೆ ಹಿಡಿದು ನನ್ನ ತಲೆಯನ್ನು ಸಾಮಾನಿನ ಗಾಡಿಗೆ ಜಜ್ಜಿದ. ಬಿಡಿಸಲು ಬಂದವರೂ ಏಟು ತಿಂದರು. ಇಬ್ಬರನ್ನೂ ಕೆಲಸದಿಂದ ದೂರ ಇಟ್ಟು, ವಿಚಾರಣೆಗೆ ಬರಬೇಕೆಂದು ಹೇಳಿ ಕಳಿಸಿದರು. ಊರಿಗೆ ಹೋಗಲು ಯಾದಗಿರಿಗೆ ಒಂದೇ ರೈಲಿನಲ್ಲಿ ಬಂದೆವು, ಬೇರೆ ಬೇರೆ ಡಬ್ಬಿಯಲ್ಲಿ.

ವಿಚಾರಣೆಗೆ ಮೊದಲು ರಂಗಂಪೇಟೆಯಿಂದ ಕರೆ ಬಂತು. ಅಕ್ಕನೇ ಕರೆದಿರಬೇಕು ಅಂದುಕೊಂಡು ಹೋದೆ. ಅಂಗಳದಲ್ಲಿ ಭಾವನ ಅಣ್ಣ, ತಮ್ಮ ಇಬ್ಬರೂ ಕಾದು ನಿಂತಿದ್ದರು. ಭಾವ ಕಟ್ಟೆಯ ಮೇಲೆ ಊದಿದ ತುಟಿ ಹಿಡಿದುಕೊಂಡು ಕೂತಿದ್ದ.

"ಆ ಸಂಜಿ ನಾನೂ ಅಲ್ಲೇ ಇದ್ದೆ, ಭಾವ ಕವರ್ ತಗದು ನೋಡಿದ್ದು ಕಂಡೀನಿ ಅಂತ ವಿಚಾರಣಿಯೊಳಗ ಹೇಳಬೇಕು," ಎಂದ ಅಣ್ಣ. "ಇಲ್ಲಂದ್ರ ಇವನ ಸಹಿ ಹೋಗ್ತದ. ಆಮ್ಯಾಲ ನಿಮ್ಮ ಅಕ್ಕನ ಬಾಳೇವು ಏನಾಗ್ತದ, ನೀನೇ ನೋಡ್ಕೊ."

"ಕಾಣದ್ದು ಕಂಡೀನಿ ಅಂತ ಹ್ಯಾಂಗ ಹೇಳ್ಲಿ? ನಾಳೆ ಇಂವ ಮತ್ತ ನೋಡದ ಸಹಿ ಮಾಡ್ತಾನ," ಅಂದೆ.

ತಮ್ಮ ನನ್ನ ಎರಡೂ ಕೈಗಳನ್ನು ಹಿಂದಕ್ಕೆ ತಿರುವಿ ಕಂಬಕ್ಕೆ ಒತ್ತಿದ. ಅಣ್ಣ ಬಾರುಕೋಲು ತಗೊಂಡ. ಎತ್ತಿಗೂ ಹಾಗೆ ಯಾರೂ ಹೊಡೆಯುವುದಿಲ್ಲ. ಬೆನ್ನಿನ ಚರ್ಮ ಸುಲಿದು ಅಂಗಿ ಅಂಟಿಕೊಂಡಿತು. ಹಲ್ಲು ಕಚ್ಚಿ ಬೈಯುತ್ತಲೇ ಇದ್ದೆ, ಹ್ಞೂಂ ಅನ್ನಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು ನಡುವೆ ಬಿದ್ದಳು. ಮುಂದಿನ ಏಟು ಅವಳ ತೋಳಿಗೆ ಬಿತ್ತು. ಅಣ್ಣ ಕೈ ತಡೆದ.

ಅಕ್ಕ ತೋಳನ್ನೂ ನೋಡಿಕೊಳ್ಳದೆ ಗಂಡನ ಕಡೆ ತಿರುಗಿದಳು.

"ನೀವು ನೋಡಿದ್ರೇನ್ರಿ?"

ಭಾವ ಮುಖ ಆಚೆ ತಿರುಗಿಸಿದ.

"ಕವರ್ ತಗದು ಒಳಗ ನೋಡಿದ್ರೋ ಇಲ್ಲೋ? ಅಷ್ಟ ಹೇಳ್ರಿ."

ಅವನು ಕಟ್ಟೆ ಇಳಿದು ಬಂದು ಅವಳ ಕೆನ್ನೆಗೆ ಬಾರಿಸಿದ. ಅಕ್ಕ ಗೋಡೆಗೆ ಹೋಗಿ ಬಿದ್ದಳು. ನನ್ನ ಕೈ ಇನ್ನೂ ಅವನ ತಮ್ಮನ ಹಿಡಿತದಲ್ಲೇ ಇತ್ತು, ಇಲ್ಲದಿದ್ದರೆ ಅವತ್ತು ಅಲ್ಲಿ ಒಂದು ಹೆಣ ಬೀಳುತ್ತಿತ್ತು. ಅಕ್ಕ ತಾನೇ ಎದ್ದು ನನ್ನ ಹತ್ತಿರ ಬಂದಳು. "ಹೋಗು. ಏನು ಕಂಡಿದ್ದೋ ಅದನ್ನ ಹೇಳು," ಅಂದಳು.

ಹೋಗಿ ಹೇಳಿದೆ. ಸಹಿ ಮಾಡುವ ಹಕ್ಕು ಭಾವನಿಂದ ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಯಿತು. ಈಗ ಅವನು ದೇವಾಪುರದ ಕಡೆ ಭತ್ತ ಕೊಯ್ಯುವ ಯಂತ್ರಗಳ ರಿಪೇರಿ ಮಾಡುತ್ತಾನೆ. ಹೊಡೆದದ್ದಕ್ಕೆ ನನಗೂ ಶಿಕ್ಷೆಯಾಯಿತು. ಆಗಲಿ ಅಂದೆ. ಆ ಬೆಳಿಗ್ಗೆ ವಿಮಾನ ಹತ್ತಿ ಇಳಿದವರೆಲ್ಲ ಎಲ್ಲೋ ತಮ್ಮ ಮನೆಯಲ್ಲಿ ಉಣ್ಣುತ್ತಿದ್ದಾರಲ್ಲ, ನನಗೆ ಅಷ್ಟು ಸಾಕಿತ್ತು.

ನಾಗರ ಪಂಚಮಿ ಬಂತು. ಅಕ್ಕನನ್ನು ತವರಿಗೆ ಕರೆಯಲು ಉಂಡಿ ಕಟ್ಟಿಸಿಕೊಂಡು ಮತ್ತೆ ರಂಗಂಪೇಟೆಗೆ ಹೋದೆ. ಭಾವ ಮನೆಯಲ್ಲಿರಲಿಲ್ಲ. ಅಕ್ಕ ಬಾಗಿಲಿಗೆ ಬಂದಳು, ಒಳಗೆ ಬಾ ಅನ್ನಲಿಲ್ಲ. ಅವಳ ಕಣ್ಣಿನ ಕೆಳಗೆ ಕಪ್ಪಗೆ ಬಾತಿತ್ತು.

"ನೀ ಖರೆ ಹೇಳಿದ್ದಕ್ಕ ನನಗ ಸಿಟ್ಟಿಲ್ಲ," ಅಂದಳು. "ಹೇಳು ಅಂತ ನಾನ ಕಳಿಸೀನಿ. ಆದ್ರ ಅವತ್ತು ವಿಮಾನ ನಿಂತಿತ್ತು, ಪಾನಾ ಸಿಕ್ಕಿತ್ತು, ಮಂದಿ ಉಳಿದಿದ್ರು. ಆಮ್ಯಾಲ ಯಾಕ ಹೊಡದಿ?"

"ಸಿಟ್ಟು ಬಂತಕ್ಕಾ," ಅಂದೆ.

"ಇವರೂ ದಿನಾ ಹಂಗ ಅಂತಾರ," ಅಂದಳು. ಉಂಡಿಯ ಡಬ್ಬಿ ನನ್ನ ಕೈಯಲ್ಲೇ ಉಳಿಯಿತು. ಪಂಚಮಿಗೆ ಅವಳು ಬರಲಿಲ್ಲ.