ಭಾರ್ಗವಿ ಕೇಳಿದ ಕೈ

ಮಾಟ, ದೃಷ್ಟಿ ಎಂದೆಲ್ಲ ನಂಬುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೂ ಎಪ್ಪತ್ತರ ದಶಕದಲ್ಲಿ ಕೊಚ್ಚಿಯಲ್ಲಿ ನನ್ನ ಬಲಗೈಗೆ ಆದದ್ದನ್ನು ಮರೆಮಾಚದೆ ಬರೆಯುತ್ತೇನೆ. ಅದರಲ್ಲಿ ನನ್ನ ನಡತೆ ಚೆನ್ನಾಗಿ ಕಾಣುವುದಿಲ್ಲ.

ಅಪ್ಪನಿಗೆ ಮೈಸೂರಿನಿಂದ ತಿರುವನಂತಪುರಕ್ಕೆ ವರ್ಗವಾಗಿ, ನಾವು ಅಲ್ಲಿನ ಶ್ರೀಕಾರ್ಯಂ ಬಡಾವಣೆಯಲ್ಲಿ ಮನೆ ಮಾಡಿದ್ದೆವು. ನಾನು ಆಕ್ಯುಪೇಷನಲ್ ಥೆರಪಿ ಕಲಿಯುತ್ತಿದ್ದೆ. ಕೈಕಾಲು ಸೋತವರಿಗೆ ಉಡುವುದು, ನೀರು ಸೇದುವುದು, ಅಡುಗೆ ಮಾಡುವುದು ಮುಂತಾದ ದಿನದ ಕೆಲಸಗಳನ್ನು ಮತ್ತೆ ರೂಢಿ ಮಾಡಿಸುವ ವಿದ್ಯೆ ಅದು. ತರಬೇತಿಗೆಂದು ನನ್ನನ್ನು ಕೊಚ್ಚಿಯ ಒಂದು ಮನೆಗೆ ಕಳಿಸಿದರು. ಹಿಂದೆ ಬೀದಿಯಲ್ಲಿ ಬದುಕಿದ್ದ ಎಂಟು ಹೆಂಗಸರು ಅಲ್ಲಿ ಒಬ್ಬೊಬ್ಬರು ಒಂದೊಂದು ಕೋಣೆಯಲ್ಲಿದ್ದರು. ತಮ್ಮ ಕೆಲಸ ತಾವು ಮಾಡಿಕೊಳ್ಳಬಲ್ಲವರು ಅಲ್ಲೇ ಇರಬಹುದು; ಆಗದವರು ಊರಾಚೆಯ ದೊಡ್ಡ ಅನಾಥಾಶ್ರಮಕ್ಕೆ ಹೋಗಬೇಕು. ಅದನ್ನು ತೀರ್ಮಾನಿಸುವ ವರದಿ ಬರೆಯುವವಳು ನಾನು.

ಅವರಿಗೆ ನನ್ನನ್ನು ಕಂಡರಾಗುತ್ತಿರಲಿಲ್ಲ. ನನಗೂ ಅಷ್ಟೇ, ಅದರಲ್ಲೂ ಭಾರ್ಗವಿಯನ್ನು ಕಂಡರೆ. ಬೋಟು ಜೆಟ್ಟಿಯ ಮಾಡಿನಡಿ ವರ್ಷಗಟ್ಟಲೆ ಮಲಗಿದ್ದ ಐವತ್ತರ ಹೆಂಗಸು. ಬಲಗೈಯ ಮೂರು ಬೆರಳು ಅಂಗೈಗೆ ಮಡಚಿಕೊಂಡಿದ್ದವು. ನಾನು ಕೂರುವ ಬೆಂಚಿನ ಮೇಲೆ ಬೇಕೆಂದೇ ನೀರು ಸುರಿಯುತ್ತಿದ್ದಳು. ‘ಚೇಚಿ’, ಅಂದರೆ ಅಕ್ಕ, ಎನ್ನಬೇಕಾದ ಹಿರಿಯಳನ್ನು ನಾನು ಹೆಸರು ಹಿಡಿದೇ ಕರೆಯುತ್ತಿದ್ದೆ.

ಒಂದು ಬೆಳಿಗ್ಗೆ ಗುಂಡಿ ಹಾಕುವ ಅಭ್ಯಾಸ. ಹಲಗೆಗೆ ಮೊಳೆ ಹೊಡೆದು ಕೂರಿಸಿದ ಬಟ್ಟೆಯಲ್ಲಿ ಆರು ಗುಂಡಿಗಳು. ಮೂರು ವಾರವಾದರೂ ಅವಳು ಒಂದನ್ನೂ ಹಾಕಿರಲಿಲ್ಲ. ನನ್ನ ಹರುಕು ಮಲಯಾಳದಲ್ಲಿ ಎಲ್ಲರೆದುರು ಅಂದುಬಿಟ್ಟೆ: “ನಿನಗೆ ಆಗೋದಿಲ್ಲ ಅಂತಲ್ಲ, ಮನಸ್ಸಿಲ್ಲ. ಕೈ ಚಾಚಿ ಚಾಚಿ ಅಭ್ಯಾಸ.”

ಅವಳು ಎಡಗೈಯಿಂದ ನನ್ನ ಬಲಗೈ ಹಿಡಿದಳು. “ಹಾಗಾದರೆ ನಿನ್ನ ಕೈ ಕೊಡು,” ಎಂದಳು. ಬಿಗಿಯಾಗೇನೂ ಹಿಡಿಯಲಿಲ್ಲ. ಬಿಟ್ಟಳು. ಹಲಗೆ ಎತ್ತಿಕೊಳ್ಳಲು ಹೋದರೆ ನನ್ನ ಮೂರು ಬೆರಳುಗಳು ಅಂಗೈಗೆ ಮಡಚಿಕೊಂಡಿದ್ದವು. ನೋವಿರಲಿಲ್ಲ, ಜೋಮೂ ಇರಲಿಲ್ಲ. ಬಿಚ್ಚಲು ಬರಲಿಲ್ಲ, ಅಷ್ಟೆ.

ಭಾರ್ಗವಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯಿಂದ ಆರೂ ಗುಂಡಿ ಹಾಕಿದಳು. ಕೆಳಗಿನಿಂದ ಮೇಲಕ್ಕೆ ಹಾಕಿದಳು. ನಾನು ಕಲಿಸಿದ್ದು ಪುಸ್ತಕದ ಪ್ರಕಾರ ಮೇಲಿನಿಂದ ಕೆಳಕ್ಕೆ. ಕೆಳಗಿನಿಂದ ಹಾಕುವುದು ನನ್ನ ಚಿಕ್ಕಂದಿನ ಅಭ್ಯಾಸ. ಅಲ್ಲಿ ಯಾರಿಗೂ ತೋರಿಸಿರಲಿಲ್ಲ.

ಅಂದೇ ಮನೆಗೆ ಹೊರಟೆ. ತಿರುವನಂತಪುರದ ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, ಕೈಯಲ್ಲಿ ದೋಷವಿಲ್ಲ, ಮನಸ್ಸಿನ ಬಳಲಿಕೆ ಎಂದರು. “ಎಡಗೈಯಲ್ಲಿ ಉಣ್ಣಬೇಡ ಕಣೇ, ನಾನೇ ತಿನ್ನಿಸ್ತೀನಿ,” ಎಂದು ಅಮ್ಮ ತುತ್ತಿಡುತ್ತಿದ್ದಳು. ಇಪ್ಪತ್ತೆರಡು ವರ್ಷದ ನಾನು ಬಾಯಿ ತೆರೆದು ಕೂರುತ್ತಿದ್ದೆ. ಭಾರ್ಗವಿಯ ಮೇಲೆ ಕುದಿಯುವಷ್ಟು ದ್ವೇಷವಿತ್ತು.

ಆರನೆಯ ದಿನ ಕೊಚ್ಚಿಗೆ ಮರಳಿದೆ. ಅವಳು ಬಾವಿಯಿಂದ ನೀರು ಸೇದುತ್ತಿದ್ದಳು, ಎರಡೂ ಕೈಯಿಂದ. “ನನ್ನ ಕೈ ಕೊಡು ಚೇಚೀ,” ಎಂದೆ. ಹಾಗೆ ಕರೆದದ್ದು ಅದೇ ಮೊದಲು.

“ಯಾವ ಕೈ?” ಎಂದಳು, ಹಗ್ಗ ಎಳೆಯುತ್ತಲೇ.

ಎಡಗೈಯಿಂದ, ವಕ್ರವಕ್ರ ಅಕ್ಷರಗಳಲ್ಲಿ, ಅವಳು ಇಲ್ಲೇ ಇರಬಲ್ಲಳೆಂದು ವರದಿ ಬರೆದೆ. ಕನಿಕರದಿಂದಲ್ಲ, ಭಯದಿಂದ. ಓದಿ ಹೇಳಿದಾಗ ಅವಳು ನಗಲಿಲ್ಲ. “ಇನ್ನು ನನ್ನ ಮನೆಗೆ ಬರಬೇಡ,” ಎಂದು ಕೋಣೆಯ ಬಾಗಿಲು ಹಾಕಿಕೊಂಡಳು.

ಅವಳು ಮೊದಲಿಂದಲೂ ನಟಿಸುತ್ತಿದ್ದಳು ಎಂದರು ನನ್ನ ಮೇಲಿನವರು. ಇರಬಹುದು. ನನ್ನದು ಬಳಲಿಕೆಯೂ ಇರಬಹುದು. ಎರಡನ್ನೂ ಬೇರೆಬೇರೆಯಾಗಿ ಒಪ್ಪಬಲ್ಲೆ. ಎರಡೂ ಒಂದೇ ಗಳಿಗೆಯಲ್ಲಿ ಆಕಸ್ಮಿಕವಾಗಿ ಆದವೆಂದು ಒಪ್ಪಲಾರೆ.

ಅವಳು ಬಾಗಿಲು ಹಾಕಿಕೊಂಡ ದಿನವೇ ಎರ್ನಾಕುಳಂ ಬೋಟು ಹತ್ತಿ ಕುಳಿತೆ. ವಿಲ್ಲಿಂಗ್ಡನ್ ಐಲ್ಯಾಂಡ್ ದಾಟುವಾಗ ಮಳೆ ಹನಿಯಿತು. ಕೊಡೆ ಬಿಚ್ಚಿ ಹಿಡಿದೆ. ತುಸು ಹೊತ್ತಾದ ಮೇಲೆ ಗಮನಿಸಿದೆ, ಹಿಡಿದದ್ದು ಬಲಗೈಯಲ್ಲಿ. ಬೆರಳುಗಳು ಯಾವಾಗ ಬಿಚ್ಚಿಕೊಂಡವೋ ನನಗೆ ಇಂದಿಗೂ ಗೊತ್ತಿಲ್ಲ.