ನೋಡದ ಓಟಕ್ಕೆ ಗ್ರೇಡು

ಹತ್ತನೇ ತರಗತಿಯ ವೇಳಾಪಟ್ಟಿಯಲ್ಲಿ ವಾರಕ್ಕೆರಡು ಪಿ.ಟಿ. ಪೀರಿಯಡ್ ಇತ್ತು, ಗೋಡೆಯ ಮೇಲೆ ಮಾತ್ರ. ನಾನು ಸೀಟಿ ಹಿಡಿದು ಹೋಗುವಷ್ಟರಲ್ಲಿ ಗಣಿತದ ಮೇಷ್ಟ್ರು ಅರ್ಧ ಬೋರ್ಡು ತುಂಬಿಸಿರುತ್ತಿದ್ದರು. "ಪೋರ್ಷನ್ ಮುಗ್ದಿಲ್ಲ ಕಣ್ರೀ ಮೇಡಂ, ಇವತ್ತೊಂದಿನ" ಎನ್ನುತ್ತಿದ್ದರು. ಜೂನ್‌ನಲ್ಲಿ ಶುರುವಾದ ಆ ಒಂದು ದಿನ ಫೆಬ್ರವರಿಯಾದರೂ ಮುಗಿಯಲಿಲ್ಲ.

ತೊಂಬತ್ತರ ದಶಕದ ಕೊನೆ ಅದು. ಬೇಲೂರಿನಲ್ಲಿ ಗೆಂಡೆಹಳ್ಳಿ ಬಸ್ಸು ಹತ್ತಿ, ನಡುವೆ ಇಳಿದು, ಎರಡು ಮೈಲಿ ನಡೆದರೆ ನಮ್ಮ ಹೈಸ್ಕೂಲು. ಅಲ್ಲಿ ದೈಹಿಕ ಶಿಕ್ಷಕಿ ಎಂದರೆ ಪ್ರಾರ್ಥನೆಗೆ ಸಾಲು ನಿಲ್ಲಿಸುವವಳು, ಇನ್‌ಸ್ಪೆಕ್ಷನ್ ದಿನ ಸಾಹೇಬರಿಗೆ ಹಾರ ತರಿಸುವವಳು. ವರ್ಷದ ಕೊನೆಗೆ ಮಾತ್ರ ಎಲ್ಲರಿಗೂ ನನ್ನ ನೆನಪಾಗುತ್ತಿತ್ತು. ಹತ್ತನೇ ತರಗತಿಯವರಿಗೆ ದೈಹಿಕ ಶಿಕ್ಷಣದ ಗ್ರೇಡು ಬೇಕಲ್ಲ!

"ಎಲ್ರಿಗೂ ಎ ಹಾಕ್ಬಿಡಿ ಮೇಡಂ" ಎಂದು ಹೆಡ್ಮಾಸ್ಟರು ರಿಜಿಸ್ಟರ್ ಮುಂದಿಟ್ಟರು. ಹಿಂದಿನ ಎರಡು ವರ್ಷ ನಾನೂ ಬಾಯಿ ಮುಚ್ಚಿಕೊಂಡು ಹಾಕಿದ್ದೆ. ಅದಕ್ಕೆ ಇವತ್ತಿಗೂ ನಾಚಿಕೆಯಿದೆ. ಈ ಸಲವೂ ಎ, ಎ, ಎ ಎಂದು ಇಳಿಯುತ್ತಾ ಬಂದವಳು ಒಂದು ಹೆಸರಿನ ಮುಂದೆ ನಿಂತೆ. ಹುಲಿಕೆರೆ ಕಡೆಯ ಹುಡುಗಿ. ಒಂಬತ್ತನೇ ತರಗತಿಯಲ್ಲಿ ಬರಿಗಾಲಲ್ಲಿ ಓಡಿ ತಾಲ್ಲೂಕಿಗೇ ಮೊದಲು ಬಂದವಳು. ಹತ್ತಕ್ಕೆ ಬಂದಳೆಂದು ಈ ವರ್ಷ ಅವಳನ್ನು ಪಂದ್ಯಕ್ಕೇ ಕಳಿಸಿರಲಿಲ್ಲ. ಆಗ ಓಡಿದ್ದಕ್ಕೂ ಎ, ಈಗ ಕೂತಿದ್ದಕ್ಕೂ ಎ. ಮೈಯೆಲ್ಲ ಉರಿಯಿತು. ಬರೆದದ್ದನ್ನೆಲ್ಲ ಹೊಡೆದುಹಾಕಿ, ಕೆಂಪು ಶಾಯಿಯಲ್ಲಿ ಅಡ್ಡಕ್ಕೆ ಬರೆದೆ: "ಈ ಮಕ್ಕಳನ್ನು ಮೈದಾನಕ್ಕೆ ಬಿಟ್ಟಿಲ್ಲ. ನೋಡದ ಓಟಕ್ಕೆ ಗ್ರೇಡು ಹಾಕಲಾರೆ." ಕೆಳಗೆ ಸಹಿ ಮಾಡಿದೆ.

"ಇದು ಹಾಸನದ ಆಫೀಸಿಗೆ ಹೋಗೋ ರಿಜಿಸ್ಟರ್ ಕಣ್ರೀ! ಮೆಮೊ ಕೊಡ್ತೀನಿ!" ಹೆಡ್ಮಾಸ್ಟರು ಕೂಗಾಡಿದರು.

"ಕೊಡಿ ಸಾರ್. ಕಾರಣ ಅಂತ ಇದನ್ನೇ ಬರೀರಿ."

ಮೆಮೊ ಬಂತು. ಆದರೆ ಗ್ರೇಡಿಲ್ಲದೆ ಪಟ್ಟಿ ಕಳಿಸುವಂತಿರಲಿಲ್ಲವಲ್ಲ, ಪರೀಕ್ಷೆ ಮಾಡಿಕೊಳ್ಳಿ ಎಂದು ಒಂದು ದಿನ ಮಕ್ಕಳನ್ನೂ ಬಿಟ್ಟುಕೊಟ್ಟರು. ಆಡುವವರಿಲ್ಲದ ಮೈದಾನದಲ್ಲಿ ಊರಿನವರು ಹುರುಳಿ ಒಕ್ಕಿದ್ದರು. ಹೊಟ್ಟು ಗುಡಿಸಿ ಸುಣ್ಣದ ಗೆರೆ ಎಳೆದೆ. ಎರಡು ಸುತ್ತಿನ ಓಟ. ಹುಲಿಕೆರೆಯ ನನ್ನ ಹುಡುಗಿ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ನಿಂತಳು. ಇವತ್ತು ಇವರಿಗೆಲ್ಲ ತೋರಿಸುತ್ತಾಳೆ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ.

ಮೊದಲ ಸುತ್ತಿಗೆ ಅವಳೇ ಮುಂದಿದ್ದಳು. ಎರಡನೆಯದರ ಅರ್ಧಕ್ಕೆ ಪಕ್ಕೆ ಹಿಡಿದುಕೊಂಡು ನಿಂತುಬಿಟ್ಟಳು. ಹಿಂದಿನ ವರ್ಷ ಅವಳು ಸೋಲಿಸಿದ್ದ ಹುಡುಗಿಯರು ಒಬ್ಬೊಬ್ಬರೇ ದಾಟಿ ಹೋದರು. ಉಳಿದದ್ದನ್ನು ಅವಳು ನಡೆದೇ ಮುಗಿಸಿದಳು.

ಹೆಡ್ಮಾಸ್ಟರು ಪಕ್ಕಕ್ಕೆ ಬಂದು, "ಪಾಪ, ಅವಳಿಗಾದ್ರೂ ಎ ಹಾಕ್ರೀ" ಎಂದರು. ನಾನು ಬಿ ಹಾಕಿದೆ. ರಿಜಿಸ್ಟರ್ ತಿರುಗಿಸಿ ಅವಳಿಗೇ ತೋರಿಸಿದೆ.

"ಸರಿಯಾಗೇ ಐತೆ ಮೇಡಂ" ಎಂದಳು. ಏದುಸಿರು ಇನ್ನೂ ನಿಂತಿರಲಿಲ್ಲ. ಹೆಡ್ಮಾಸ್ಟರ ಮುಂದೆಯೇ ಕೇಳಿದಳು: "ವರ್ಸ ಪೂರ್ತಿ ನಮ್ಮನ್ನ ಕೂರ್ಸಿದ್ದೋರ್ಗೆ ಯಾವ ಗ್ರೇಡು?"

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಅವಳು ಕೇಳಿದ್ದು ನನ್ನನ್ನೂ ಸೇರಿಸಿಯೇ.

ಮುಂದಿನ ಜೂನ್‌ನಲ್ಲಿ ಗಣಿತದ ಮೇಷ್ಟ್ರು ಚಾಕ್‌ಪೀಸ್ ಹಿಡಿದು ಬರುವ ಮೊದಲೇ ನಾನು ಹತ್ತನೇ ತರಗತಿಯ ಬಾಗಿಲಲ್ಲಿ ನಿಂತಿದ್ದೆ.

"ಇವತ್ತೊಂದಿನ ಮೇಡಂ..." ಎಂದರು.

"ಇವತ್ತೂ ಇಲ್ಲ ಸಾರ್" ಎಂದೆ. ಸೀಟಿ ಊದಿದೆ.