ತಾತನ ಬೆನ್ನಿಗೆ ಆನಿಸಿದ ಅಂಗೈ

ಇವತ್ತು ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳು ಪಟಾಕಿ ಹಚ್ಚಿದರು. ಸುಟ್ಟ ಮದ್ದಿನ ವಾಸನೆ ಬಾಲ್ಕನಿಗೆ ಬಂದದ್ದೇ ತಡ, ನಾನು ಬಿಳೇಕಹಳ್ಳಿಯ ನಮ್ಮ ಹಳೇ ಮನೆಯ ಹಿತ್ತಲಿನಲ್ಲಿದ್ದೆ.

ಹೊಲಕ್ಕೆ ನುಗ್ಗುವ ಹಂದಿ ಓಡಿಸಲೆಂದು ತಾತ ಇಟ್ಟುಕೊಂಡಿದ್ದ ಜೋಡು ನಳಿಗೆಯ ಕೋವಿಯೊಂದು ನಮ್ಮ ಮನೆಯಲ್ಲಿತ್ತು. ಆಯುಧಪೂಜೆಯ ಮಧ್ಯಾಹ್ನ ಅದಕ್ಕೆ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ಆಕಾಶಕ್ಕೆ ಒಂದು ಗುಂಡು ಹಾರಿಸುವುದು ಪದ್ಧತಿ. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ವಯಸ್ಸಾದ ಮೇಲೆ ತಾತ ಆ ಒದೆತಕ್ಕೆ ವಾಲಿಬಿಡುತ್ತಿದ್ದರು. ಅದಕ್ಕೇ ಅಜ್ಜಿ ಹಿಂದೆ ನಿಂತು, ಅವರ ಒರಟು ಖಾದಿ ಅಂಗಿಗೆ ಎರಡೂ ಅಂಗೈ ಆನಿಸಿ ತಡೆಯುತ್ತಿದ್ದರು.

“ಭುಜಕ್ಕೆ ಒತ್ತಿ ಹಿಡಿದ್ರೆ ಬರೀ ತಳ್ಳುತ್ತೆ ಕಣಮ್ಮ, ಸಡಿಲ ಬಿಟ್ರೆ ಒದೆಯುತ್ತೆ,” ಎಂದು ತಾತ ನನಗೆ ಹೇಳುತ್ತಿದ್ದರು.

ತಾತ ತೀರಿಕೊಂಡ ವರ್ಷ ಅಪ್ಪ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದರು. ಆದರೂ ಆಯುಧಪೂಜೆಯ ದಿನ ಅಜ್ಜಿ, ಕೋವಿ ತೂಗುತ್ತಿದ್ದ ಗೂಟಕ್ಕೇ ಕುಂಕುಮವಿಟ್ಟು ಹಿತ್ತಲಿಗೆ ಹೋದರು. ಎಂದಿನಂತೆ ಕಾಲೂರಿ ನಿಂತು ಬರಿಗಾಳಿಗೆ ಅಂಗೈ ಚಾಚಿದರು.

“ಅಮ್ಮ, ಒಳಗ್ ಬಾ,” ಎಂದರು ಅಪ್ಪ. ಅಜ್ಜಿ ಕದಲಲಿಲ್ಲ.

ಸದ್ದೇನೂ ಆಗಲಿಲ್ಲ. ಹುಣಸೆಮರದ ಕಾಗೆಗಳೆಲ್ಲ ಒಮ್ಮೆಗೇ ಹಾರಿದವು. ಅಜ್ಜಿಯ ಹಿಮ್ಮಡಿಗಳು ಮಣ್ಣಿನಲ್ಲಿ ಗೀರೆಳೆಯುತ್ತಾ ಹಿಂದಕ್ಕೆ ಜಾರಿದವು.

ಅವರು ಸಾವರಿಸಿಕೊಂಡು ಅಪ್ಪನತ್ತ ತಿರುಗಿದರು. “ಈ ಸಲ ಸಡಿಲ ಹಿಡ್ಕೊಂಡ್ರು ನಿಮ್ಮಪ್ಪ,” ಎಂದರು, ಮಾಮೂಲಿ ದನಿಯಲ್ಲಿ.

ಇವತ್ತು ಬಾಲ್ಕನಿಯಲ್ಲಿ ನೋಡಿಕೊಂಡರೆ ನನ್ನ ಅಂಗೈಗಳು ತಾವಾಗಿಯೇ ಮುಂದಕ್ಕೆ ಚಾಚಿಕೊಂಡಿದ್ದವು. ಕೆಳಗಿಳಿಸಬೇಕು ಅನ್ನುವಷ್ಟರಲ್ಲಿ ಒರಟು ಖಾದಿ ತಾಗಿತು.